ನೆರಳು ಗಿಡ್ಡವಾಗುವ ಹೊತ್ತಿನ ಬಿಸಿಲು

"ಬಿಸಿಲಿಗೆ ಹೋಗ್ಬೇಡ, ಕಪ್ಪಾಗ್ತೀಯ." ಈ ಮಾತು ಕೇಳದೆ ಬೆಳೆದ ಹುಡುಗಿ ನಮ್ಮಲ್ಲಿ ಕಡಿಮೆ. ಅಜ್ಜಿ ಹೇಳಿರುತ್ತಾರೆ, ಸೋದರತ್ತೆ ಹೇಳಿರುತ್ತಾರೆ, ಪಕ್ಕದ ಮನೆ ಆಂಟಿಯೂ ಹೇಳಿರುತ್ತಾರೆ. ಮದುವೆ ಗೊತ್ತಾದ ಮೇಲಂತೂ ಹಗಲು ಹೊತ್ತು ಅಂಗಳಕ್ಕೆ ಇಳಿದರೂ ಯಾರಾದರೂ ಒಳಗೆ ಕರೆಯುತ್ತಾರೆ. ಸ್ಕೂಟಿಯಲ್ಲಿ ಹೊರಟರೆ ಮುಖಕ್ಕೆ ದುಪಟ್ಟಾ, ಮೊಣಕೈವರೆಗೆ ಗ್ಲೌಸ್. ಧೂಳಿಗೂ ಅದು ಬೇಕು, ಒಪ್ಪುತ್ತೇನೆ. ಆದರೆ ಬಣ್ಣದ ಭಯವೂ ಅದರಲ್ಲಿದೆ. ಈ ಒಂದು ಮಾತು ನಮ್ಮ ಹೆಣ್ಣುಮಕ್ಕಳ ಮೂಳೆಗಳಿಗೆ ಎಷ್ಟು ಹಾನಿ ಮಾಡಿರಬಹುದು ಅಂತ ಯೋಚಿಸಿದಾಗೆಲ್ಲ ನನಗೆ ಸಂಕಟವಾಗುತ್ತದೆ.

ಕರ್ನಾಟಕ ಇರುವುದು ಸುಮಾರು 11.5ರಿಂದ 18.5 ಡಿಗ್ರಿ ಉತ್ತರ ಅಕ್ಷಾಂಶದ ನಡುವೆ. ವರ್ಷಕ್ಕೆ ಎರಡು ಸಲ ಸೂರ್ಯ ನಮ್ಮ ನೆತ್ತಿಯ ಮೇಲೇ ಬರುತ್ತಾನೆ. ಡಿಸೆಂಬರ್ ಚಳಿಯಲ್ಲೂ ಬೆಂಗಳೂರಿನಲ್ಲಿ ಮಧ್ಯಾಹ್ನದ ಸೂರ್ಯ 53 ಡಿಗ್ರಿ ಎತ್ತರಕ್ಕೆ ಏರುತ್ತಾನೆ. ಅದೇ ದಿನ ಲಂಡನ್‌ನಲ್ಲಿ ಸುಮಾರು 15 ಡಿಗ್ರಿ, ಅಷ್ಟೇ. ಇಷ್ಟು ಬಿಸಿಲಿರುವ ನಾಡಿನಲ್ಲಿ, ಬಿಸಿಲಿನಿಂದ ಸಿಗುವ ವಿಟಮಿನ್ ಜನರಲ್ಲಿ ಕಡಿಮೆ ಅಂದರೆ ಮೊದಲಿಗೆ ನಂಬಿಕೆ ಬರುವುದಿಲ್ಲ. ಆದರೆ ನಿಮ್ಮ ಮನೆಯಲ್ಲೇ ಕೇಳಿ ನೋಡಿ. "ವಿಟಮಿನ್ ಡಿ ಲೋ ಇದೆ ಅಂದ್ರು ಡಾಕ್ಟ್ರು" ಅನ್ನುವವರು ಒಬ್ಬರಾದರೂ ಸಿಗುತ್ತಾರೆ.

2000ನೇ ಇಸವಿಯಲ್ಲಿ ದೆಹಲಿಯ ಏಮ್ಸ್ ವೈದ್ಯರು ಒಂದು ಅಧ್ಯಯನ ಪ್ರಕಟಿಸಿದರು. ಕಾಯಿಲೆಯವರನ್ನು ಬಿಟ್ಟು, ಆರೋಗ್ಯವಾಗಿ ಓಡಾಡುತ್ತಿದ್ದವರ ರಕ್ತ ಪರೀಕ್ಷಿಸಿದ್ದರು. ಆಸ್ಪತ್ರೆಯಲ್ಲಿ ಕೆಲಸ ಮಾಡುವ ವೈದ್ಯರಲ್ಲಿ, ನರ್ಸ್‌ಗಳಲ್ಲಿ ವಿಟಮಿನ್ ಡಿ ತೀರಾ ಕಡಿಮೆ ಇತ್ತು. ಬಯಲಿನಲ್ಲಿ ದಿನ ಕಳೆಯುವ ಸೈನಿಕರಲ್ಲಿ ಚೆನ್ನಾಗಿತ್ತು. ನಮಗೆ ಹತ್ತಿರದ ತಿರುಪತಿಯಲ್ಲೂ ಡಾ. ಸಿ. ವಿ. ಹರಿನಾರಾಯಣ ಮತ್ತು ಸಂಗಡಿಗರಿಗೆ ಇಂಥದ್ದೇ ಕಂಡಿತು. ಹೊಲದಲ್ಲಿ ದುಡಿಯುವ ಹಳ್ಳಿಯವರಲ್ಲಿ ಪಟ್ಟಣದವರಿಗಿಂತ ಜಾಸ್ತಿ. ಊರು ಅದೇ, ಸೂರ್ಯನೂ ಅವನೇ. ಹಗಲು ಹನ್ನೊಂದರಿಂದ ಎರಡರ ತನಕ ಯಾರು ಎಲ್ಲಿರುತ್ತಾರೆ ಅನ್ನುವುದೇ ವ್ಯತ್ಯಾಸ.

ಈ ವಿಟಮಿನ್ ದೇಹದಲ್ಲಿ ಏನು ಮಾಡುತ್ತದೆ ಅಂತ ಸ್ವಲ್ಪ ನೋಡೋಣ. ನಮ್ಮ ಚರ್ಮದಲ್ಲಿ ಕೊಲೆಸ್ಟ್ರಾಲ್‌ಗೆ ಹತ್ತಿರದ ಒಂದು ವಸ್ತು ಇದೆ. ಬಿಸಿಲಿನಲ್ಲಿರುವ ಯುವಿ-ಬಿ ಅನ್ನುವ, ಕಣ್ಣಿಗೆ ಕಾಣದ ಅತಿನೇರಳೆ ಕಿರಣ ತಾಗಿದಾಗ ಅದು ಬದಲಾಗಿ ವಿಟಮಿನ್ ಡಿ3 ಆಗುತ್ತದೆ. ಅಲ್ಲಿಂದ ರಕ್ತದ ಮೂಲಕ ಲಿವರ್‌ಗೆ ಹೋಗಿ ಒಂದು ರೂಪ ಪಡೆಯುತ್ತದೆ. ಲ್ಯಾಬ್‌ನವರು ಅಳೆಯುವುದು ಈ ರೂಪವನ್ನು. ರಿಪೋರ್ಟಿನಲ್ಲಿ '25-ಹೈಡ್ರಾಕ್ಸಿ ವಿಟಮಿನ್ ಡಿ' ಅಂತ ಬರೆದಿರುತ್ತದಲ್ಲ, ಅದೇ. ಆಮೇಲೆ ಕಿಡ್ನಿಗೆ ಹೋಗಿ ಕೊನೆಯ ರೂಪ ಪಡೆಯುತ್ತದೆ. ಕೆಲಸ ಮಾಡುವುದು ಈ ಕೊನೆಯ ರೂಪ. ಅದರ ಮುಖ್ಯ ಕೆಲಸ, ನಾವು ತಿಂದ ಊಟದಲ್ಲಿರುವ ಕ್ಯಾಲ್ಸಿಯಂ ಅನ್ನು ಕರುಳಿನಿಂದ ರಕ್ತಕ್ಕೆ ಎಳೆದುಕೊಳ್ಳುವುದು. ವಿಟಮಿನ್ ಡಿ ಸಾಕಷ್ಟಿದ್ದರೆ ತಿಂದ ಕ್ಯಾಲ್ಸಿಯಂನಲ್ಲಿ ಶೇಕಡಾ 30ರಿಂದ 40ರಷ್ಟು ಮೈಗೆ ಹತ್ತುತ್ತದೆ. ಕೊರತೆ ಇದ್ದರೆ ಶೇಕಡಾ 10ರಿಂದ 15 ಮಾತ್ರ.

ರಾಗಿ ತಿನ್ನುವವರು ಇದನ್ನು ಗಮನಿಸಬೇಕು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಹಾಲಿಗಿಂತ ಎಷ್ಟೋ ಪಾಲು ಜಾಸ್ತಿ. "ನಾವು ಮುದ್ದೆ ಉಣ್ಣೋರು, ನಮ್ಮ ಮೂಳೆಗೇನಾಗುತ್ತೆ" ಅಂತ ಹಳೇ ಮೈಸೂರಿನ ಕಡೆ ಹೆಮ್ಮೆಯಿಂದ ಹೇಳುತ್ತೇವೆ. ಹೆಮ್ಮೆ ಸರಿಯಾದದ್ದೇ. ಆದರೆ ಆ ಮುದ್ದೆ ಉಂಡ ಹಿರಿಯರು ಹೊಲದಲ್ಲಿ ನಡುಮಧ್ಯಾಹ್ನದವರೆಗೆ ಕಳೆ ಕೀಳುತ್ತಿದ್ದರು. ರಾಗಿಯಲ್ಲಿ ವಿಟಮಿನ್ ಡಿ ಇಲ್ಲ. ಅದರಲ್ಲಿರುವ ಫೈಟೇಟ್ ಅನ್ನುವ ಅಂಶ ಕ್ಯಾಲ್ಸಿಯಂ ಅನ್ನು ಸ್ವಲ್ಪ ಹಿಡಿದಿಟ್ಟುಕೊಳ್ಳುತ್ತದೆ ಕೂಡ. ಮುದ್ದೆ ಉಂಡು ದಿನವಿಡೀ ಟ್ಯೂಬ್‌ಲೈಟ್ ಕೆಳಗೆ ಕೂತರೆ ಆ ಕ್ಯಾಲ್ಸಿಯಂನಲ್ಲಿ ಬಹುಪಾಲು ಹಾಗೇ ಹೊರಗೆ ಹೋಗುತ್ತದೆ.

ಊಟದಿಂದ ಕ್ಯಾಲ್ಸಿಯಂ ಬರದಿದ್ದರೆ ದೇಹ ಸುಮ್ಮನೆ ಕೂರುವುದಿಲ್ಲ. ಹೃದಯ ಬಡಿಯಲು, ಸ್ನಾಯು ಆಡಲು ರಕ್ತದಲ್ಲಿ ಇಂತಿಷ್ಟು ಕ್ಯಾಲ್ಸಿಯಂ ಇರಲೇಬೇಕು. ಕತ್ತಿನಲ್ಲಿ ಪ್ಯಾರಾಥೈರಾಯ್ಡ್ ಅನ್ನುವ ನಾಲ್ಕು ಪುಟ್ಟ ಗ್ರಂಥಿಗಳಿವೆ. ಅವು ಮೂಳೆಯಿಂದ ಕ್ಯಾಲ್ಸಿಯಂ ತೆಗೆದು ರಕ್ತಕ್ಕೆ ಕೊಡಿಸುತ್ತವೆ. ಮನೆ ಖರ್ಚಿಗೆ ದುಡ್ಡಿಲ್ಲದಾಗ ಒಡವೆ ಅಡವಿಟ್ಟ ಹಾಗೆ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಕ್ಯಾಲ್ಸಿಯಂ ಟೆಸ್ಟ್ ಮಾಡಿಸಿದರೂ ನಾರ್ಮಲ್ ಅಂತಲೇ ಬರಬಹುದು. ಒಳಗೆ ಮೂಳೆ ಗಟ್ಟಿತನ ಕಳೆದುಕೊಳ್ಳುತ್ತಾ ಹೋಗುತ್ತದೆ. ಬೆಳೆಯುವ ಮಕ್ಕಳಲ್ಲಿ ಇದು ರಿಕೆಟ್ಸ್. ಕಾಲು ಬಾಗುತ್ತದೆ, ಮಣಿಕಟ್ಟು ದಪ್ಪಗಾಗುತ್ತದೆ, ನಡೆಯುವುದು ತಡವಾಗುತ್ತದೆ. ದೊಡ್ಡವರಲ್ಲಿ ಇದರ ಹೆಸರು ಆಸ್ಟಿಯೋಮಲೇಶಿಯಾ, ಅಂದರೆ ಮೂಳೆ ಮೆತ್ತಗಾಗುವುದು.

ದೊಡ್ಡವರ ಈ ಕಾಯಿಲೆಯನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಅಮ್ಮ ಅರಸೀಕೆರೆಯ ಹಳೇ ಮನೆ ಬಿಟ್ಟು ನಮ್ಮ ಜೊತೆ ಬೆಂಗಳೂರಿನ ಫ್ಲಾಟಿಗೆ ಬಂದ ಕೆಲವು ವರ್ಷಗಳ ಮೇಲೆ ಶುರುವಾಯಿತು. ಮೊದಲು ತೊಡೆ, ಸೊಂಟ, ಮೊಣಕಾಲ ಕೆಳಗಿನ ಮೂಳೆಯಲ್ಲಿ ಸದಾ ಒಂದು ಮಂದ ನೋವು. ಆಮೇಲೆ ದೇವರ ಮನೆಯಲ್ಲಿ ಕೂತವರಿಗೆ ಗೋಡೆ ಹಿಡಿಯದೆ ಏಳುವುದು ಆಗುತ್ತಿರಲಿಲ್ಲ. ಮೆಟ್ಟಿಲು ಹತ್ತುವಾಗ ಕಂಬಿಗೆ ಎರಡೂ ಕೈ. ಕೇಳಿದರೆ, "ಇದೇನ್ ಕಾಯಿಲೆನೇನೇ? ವಯಸ್ಸಾಯ್ತು, ನೋವು ಇದ್ದದ್ದೇ" ಅನ್ನುತ್ತಿದ್ದರು. ನೋಡಿದ ನೆಂಟರೂ ಅದನ್ನೇ ಹೇಳಿದರು. ಮಂಡಿ ಸವೆದಿದೆ, ಎಣ್ಣೆ ಹಚ್ಚಿ, ಬಿಸಿನೀರು ಹಾಕಿ.

ಒಬ್ಬ ಹಿರಿಯ ಡಾಕ್ಟರು ಮಾತ್ರ ಬೇರೆ ಪ್ರಶ್ನೆ ಕೇಳಿದರು. "ಅಮ್ಮಾ, ನೀವು ಹಗಲಲ್ಲಿ ಎಲ್ಲಿ ಕೂತ್ಕೋತೀರಿ?" ಅಮ್ಮ ಹೇಳಿದರು, "ಕಿಟಕಿ ಹತ್ರಾನೇ ಡಾಕ್ಟ್ರೇ, ಒಳ್ಳೇ ಬಿಸಿಲು ಬರುತ್ತೆ." ಆ ಕಿಟಕಿಗೆ ಗಾಜಿತ್ತು. ಯುವಿ-ಬಿ ಕಿರಣ ಕಿಟಕಿಯ ಗಾಜಿನೊಳಗೆ ಬರುವುದಿಲ್ಲ. ಬೆಚ್ಚಗೆ ಅನಿಸುತ್ತದೆ, ಬೆಳಕೂ ಚೆನ್ನಾಗಿರುತ್ತದೆ, ಚರ್ಮದಲ್ಲಿ ವಿಟಮಿನ್ ಮಾತ್ರ ತಯಾರಾಗುವುದಿಲ್ಲ. ರಕ್ತ ಪರೀಕ್ಷೆ ಮಾಡಿಸಿದಾಗ ಅಮ್ಮನದು ಹತ್ತಕ್ಕಿಂತ ಕಡಿಮೆ ಇತ್ತು. ಒಂದು ಎಂ.ಎಲ್.ಗೆ 20 ನ್ಯಾನೋಗ್ರಾಂ ಇದ್ದರೆ ಹೆಚ್ಚಿನವರ ಮೂಳೆಗೆ ಸಾಕು ಅಂತ ಲೆಕ್ಕ, 12ಕ್ಕಿಂತ ಕೆಳಗೆ ಇಳಿದರೆ ನಿಜವಾದ ಕೊರತೆ. ವಾರಕ್ಕೊಂದರಂತೆ ಎಂಟು ವಾರ ಗುಳಿಗೆ, ಜೊತೆಗೆ ಕ್ಯಾಲ್ಸಿಯಂ, ಆಮೇಲೆ ಸಣ್ಣ ಡೋಸ್. ಕೆಲವು ತಿಂಗಳಲ್ಲಿ ಅಮ್ಮ ಗೋಡೆ ಹಿಡಿಯದೆ ಏಳತೊಡಗಿದರು. ಮಂಡಿ ಸವೆತದ ನೋವು ಇನ್ನೂ ಇದೆ, ಅದು ಬೇರೆಯದೇ. ಆದರೆ ತೊಡೆಯ ಬಲ ವಾಪಸ್ ಬಂತು.

ಅರಸೀಕೆರೆಯ ಮನೆಯಲ್ಲಿ ಅಮ್ಮ ಬಿಸಿಲು ಕಾಯಿಸಬೇಕು ಅಂತ ಯಾವತ್ತೂ ಹೊರಗೆ ಹೋದವರಲ್ಲ. ಕೆಲಸವೇ ಅವರನ್ನು ಹೊರಗೆ ಕರೆಯುತ್ತಿತ್ತು. ಬೇಸಿಗೆ ಬಂದರೆ ತಾರಸಿ ಮೇಲೆ ಹಪ್ಪಳ, ಸಂಡಿಗೆ. ಹನ್ನೊಂದು ಗಂಟೆಗೆ ಒಮ್ಮೆ ಮಗುಚಿ ಹಾಕಬೇಕು, ಕಾಗೆ ಓಡಿಸಬೇಕು. ಹುಣಸೆಹಣ್ಣು, ಮೆಣಸಿನಕಾಯಿ, ಬೇಳೆಕಾಳು, ಎಲ್ಲವೂ ಬಿಸಿಲಿಗೆ. ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲು. ಈಗ ಬಟ್ಟೆಗೆ ಮೆಷಿನ್ ಇದೆ, ಸಂಡಿಗೆ ಅಂಗಡಿಯಲ್ಲಿ ಸಿಗುತ್ತದೆ, ತಾರಸಿಗೆ ಅಸೋಸಿಯೇಷನ್‌ನವರ ಬೀಗ. ಹೆಂಗಸರಿಗೆ ಕೆಲಸದ ಹೊರೆ ಇಳಿದದ್ದು ದೊಡ್ಡ ವಿಷಯ, ಅದು ಹಿಂದಕ್ಕೆ ಬರಲಿ ಅಂತ ನಾನು ಖಂಡಿತ ಹೇಳುವುದಿಲ್ಲ. ಆ ಕೆಲಸದ ಜೊತೆಗೆ ಬರುತ್ತಿದ್ದ ಬಿಸಿಲಿಗೆ ನಾವು ಬೇರೆ ದಾರಿ ಮಾಡಿಕೊಳ್ಳಲಿಲ್ಲ, ಅಷ್ಟೇ ನನ್ನ ತಕರಾರು.

ಇನ್ನು ಎಳೆಬಿಸಿಲಿನ ವಿಷಯ. ಬೆಳಗ್ಗೆ ಏಳು ಗಂಟೆಯ ಬಿಸಿಲಲ್ಲಿ ಅರ್ಧ ಗಂಟೆ ವಾಕಿಂಗ್ ಮಾಡಿದರೆ ವಿಟಮಿನ್ ಡಿ ಸಿಗುತ್ತದೆ ಅಂತ ನಮ್ಮಲ್ಲಿ ಬಹಳ ಜನ ನಂಬಿದ್ದಾರೆ. ಪಾರ್ಕಿನಲ್ಲಿ ಹಿರಿಯರು ಇದನ್ನೇ ಒಬ್ಬರಿಗೊಬ್ಬರು ಹೇಳುತ್ತಾರೆ. ವಾಕಿಂಗ್ ಒಳ್ಳೆಯದು, ಎಳೆಬಿಸಿಲು ಹಿತ, ಎರಡನ್ನೂ ಬಿಡಬೇಡಿ. ಆದರೆ ಆ ಹೊತ್ತಿನಲ್ಲಿ ಸೂರ್ಯ ತೀರಾ ಕೆಳಗಿರುತ್ತಾನೆ. ಕಿರಣ ಓರೆಯಾಗಿ ವಾತಾವರಣದಲ್ಲಿ ಬಹಳ ದೂರ ಸಾಗಿ ಬರಬೇಕು. ದಾರಿಯಲ್ಲಿ ಓಜೋನ್ ಪದರವೇ ಯುವಿ-ಬಿಯನ್ನೆಲ್ಲ ಹೀರಿಬಿಡುತ್ತದೆ. ತಿರುಪತಿಯಲ್ಲಿ ಹರಿನಾರಾಯಣ ತಂಡದವರು ದಿನದ ಬೇರೆ ಬೇರೆ ಹೊತ್ತಿನಲ್ಲಿ ಅಳೆದು ನೋಡಿದಾಗ ವಿಟಮಿನ್ ಡಿ ತಯಾರಾಗಲು ಒಳ್ಳೆಯ ಸಮಯ ಅಂತ ಕಂಡದ್ದು ಹನ್ನೊಂದರಿಂದ ಎರಡು ಗಂಟೆ. ಬೆಂಗಳೂರೂ ತಿರುಪತಿಯೂ ಹೆಚ್ಚು ಕಡಿಮೆ ಒಂದೇ ಅಕ್ಷಾಂಶದಲ್ಲಿವೆ.

ಗಡಿಯಾರ ನೋಡದೆಯೂ ಇದನ್ನು ತಿಳಿಯಬಹುದು. ನಿಮ್ಮ ನೆರಳು ನಿಮಗಿಂತ ಉದ್ದ ಇದ್ದರೆ ಸೂರ್ಯ 45 ಡಿಗ್ರಿಗಿಂತ ಕೆಳಗಿದ್ದಾನೆ, ಆಗ ವಿಟಮಿನ್ ಡಿ ಅಷ್ಟಕ್ಕಷ್ಟೇ. ನೆರಳು ನಿಮಗಿಂತ ಗಿಡ್ಡವಾದರೆ ಅದೇ ಸರಿಯಾದ ಹೊತ್ತು. ಬೆಂಗಳೂರಿನಲ್ಲಿ ಮಾರ್ಚ್ ತಿಂಗಳಲ್ಲಿ ಇದು ಹೆಚ್ಚು ಕಡಿಮೆ ಒಂಬತ್ತೂವರೆಯಿಂದ ಮೂರು ಗಂಟೆವರೆಗೆ ಇರುತ್ತದೆ. ಡಿಸೆಂಬರ್‌ನಲ್ಲಿ ಹತ್ತೂವರೆಯಿಂದ ಎರಡರವರೆಗೆ. ರಾಯಚೂರು, ಕಲಬುರಗಿ ಕಡೆಯವರಿಗೆ ಮೇ ತಿಂಗಳಲ್ಲಿ ಮಧ್ಯಾಹ್ನ ಬಿಸಿಲಲ್ಲಿ ನಿಲ್ಲಿ ಅಂತ ಯಾರೂ ಹೇಳಬಾರದು, ಅದು ಪ್ರಾಣಕ್ಕೇ ಅಪಾಯ. ಅಲ್ಲಿ ಆಗ ಒಂಬತ್ತೂವರೆ ಹೊತ್ತಿಗೇ ನೆರಳು ಗಿಡ್ಡವಾಗಿರುತ್ತದೆ, ಕಾವು ಇನ್ನೂ ಏರಿರುವುದಿಲ್ಲ. ಆಗಲೇ ಮುಗಿಸಿಬಿಡಬಹುದು. ಬಿಸಿಲಿನ ಕಾವು ಬೇರೆ, ಯುವಿ-ಬಿ ಬೇರೆ.

ಎಷ್ಟು ಹೊತ್ತು? ಮುಖ, ಕೈ, ಕಾಲು ತೆರೆದಿಟ್ಟುಕೊಂಡು ಇಪ್ಪತ್ತು ಮೂವತ್ತು ನಿಮಿಷ, ವಾರದಲ್ಲಿ ಕೆಲವು ದಿನವಾದರೂ. ಇದು ಎಲ್ಲರಿಗೂ ಒಂದೇ ಅಲ್ಲ. ಚರ್ಮ ಕಪ್ಪಗಿದ್ದಷ್ಟೂ ಮೆಲನಿನ್ ಅನ್ನುವ ಬಣ್ಣದ ಅಂಶ ಜಾಸ್ತಿ, ಅದು ಯುವಿ ತಡೆಯುತ್ತದೆ, ಹಾಗಾಗಿ ಸಮಯವೂ ಜಾಸ್ತಿ ಬೇಕು. ವಯಸ್ಸಾದಂತೆ ಚರ್ಮದಲ್ಲಿ ಆ ಮೂಲವಸ್ತುವೇ ಕಡಿಮೆಯಾಗುತ್ತದೆ. ಚರ್ಮ ಸುಡುವಷ್ಟು, ಉರಿಯುವಷ್ಟು ಹೊತ್ತು ನಿಲ್ಲಬೇಕಿಲ್ಲ. ನಿಂತರೂ ಲಾಭವಿಲ್ಲ, ಒಂದು ಹಂತದ ಮೇಲೆ ಬಿಸಿಲೇ ಹೆಚ್ಚಾದದ್ದನ್ನು ಒಡೆದುಹಾಕುತ್ತದೆ. ಅದಕ್ಕೇ ಎಷ್ಟೇ ಬಿಸಿಲು ಕಾಯಿಸಿದರೂ ವಿಟಮಿನ್ ಡಿ ವಿಷವಾಗುವ ಮಟ್ಟಕ್ಕೆ ಏರುವುದಿಲ್ಲ.

ಮಲೆನಾಡು, ಕರಾವಳಿಯವರ ಕಥೆ ಬೇರೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಸೂರ್ಯನ ಮುಖ ಕಾಣುವುದೇ ಅಪರೂಪ. ಈ ವಿಟಮಿನ್ ರಕ್ತದಲ್ಲಿ ಎರಡು ಮೂರು ವಾರಕ್ಕೆ ಅರ್ಧಕ್ಕೆ ಇಳಿಯುತ್ತದೆ, ಕೊಬ್ಬಿನಲ್ಲಿ ಸ್ವಲ್ಪ ಉಳಿದಿರುತ್ತದೆ. ಕರಾವಳಿಯಲ್ಲಿ ಒಂದು ಅನುಕೂಲ ಇದೆ: ಬೂತಾಯಿ, ಬಂಗುಡೆ. ಎಣ್ಣೆ ಅಂಶ ಇರುವ ಇಂಥ ಮೀನುಗಳಲ್ಲಿ ವಿಟಮಿನ್ ಡಿ ಚೆನ್ನಾಗಿದೆ. ಮೊಟ್ಟೆಯ ಹಳದಿಯಲ್ಲಿ ಸುಮಾರು 40 ಯೂನಿಟ್, ದೊಡ್ಡವರಿಗೆ ದಿನಕ್ಕೆ ಬೇಕಾದ 600 ಯೂನಿಟ್ ಮುಂದೆ ಅದು ಸಣ್ಣದು. ಬಿಸಿಲಿಗೆ ಒಣಗಿಸಿದ ಅಣಬೆಯಲ್ಲಿ ಈ ವಿಟಮಿನ್ನಿನ ಇನ್ನೊಂದು ಬಗೆಯಾದ ಡಿ2 ಇರುತ್ತದೆ. ಸಸ್ಯಾಹಾರಿಗಳಿಗೆ ಊಟದಲ್ಲಿ ಇದಕ್ಕಿಂತ ಹೆಚ್ಚೇನೂ ಸಿಗುವುದಿಲ್ಲ. ಹಾಲಿನಲ್ಲಿ ಸಹಜವಾಗಿ ಇರುವುದು ತೀರಾ ಕಡಿಮೆ. ಪ್ಯಾಕೆಟ್ ಮೇಲೆ 'ಪ್ಲಸ್ ಎಫ್' ಅನ್ನುವ ನೀಲಿ ಗುರುತು ಇದ್ದರೆ ಅದಕ್ಕೆ ಎ ಮತ್ತು ಡಿ ವಿಟಮಿನ್ ಸೇರಿಸಿದ್ದಾರೆ ಅಂತ ಅರ್ಥ. ಅಡುಗೆ ಎಣ್ಣೆಗೂ ಹೀಗೆ ಸೇರಿಸುತ್ತಾರೆ. ಅಂಗಡಿಯಲ್ಲಿ ಒಂದು ಕ್ಷಣ ತಿರುಗಿಸಿ ನೋಡಿ ತನ್ನಿ. ಫಿನ್ಲೆಂಡ್ 2003ರಿಂದ ಹಾಲಿಗೆ ವಿಟಮಿನ್ ಡಿ ಸೇರಿಸುತ್ತಾ ಬಂತು, ಆ ಕತ್ತಲ ದೇಶದ ಜನರ ರಕ್ತದಲ್ಲಿ ಮಟ್ಟ ನಿಜವಾಗಿಯೂ ಏರಿತು.

ಬಿಸಿಲಿಗೂ ಮೂಳೆಗೂ ಇರುವ ನಂಟು ಗೊತ್ತಾದ ಬಗೆ ನನಗೆ ಬಹಳ ಇಷ್ಟ. ಹತ್ತೊಂಬತ್ತನೇ ಶತಮಾನದಲ್ಲಿ ಇಂಗ್ಲೆಂಡಿನ ಕಾರ್ಖಾನೆ ಊರುಗಳಲ್ಲಿ ಹೊಗೆ ಮುಚ್ಚಿದ ಓಣಿಗಳ ಮಕ್ಕಳಿಗೆ ಕಾಲು ಬಾಗುತ್ತಿತ್ತು. ಥಿಯೋಬಾಲ್ಡ್ ಪಾಮ್ ಅನ್ನುವ ಮಿಷನರಿ ವೈದ್ಯರು ಜಪಾನಿನಲ್ಲಿದ್ದು ಊರಿಗೆ ಮರಳಿದ್ದರು. ಅಲ್ಲಿ ಕಾಣದ ರಿಕೆಟ್ಸ್ ಇಲ್ಲಿ ಯಾಕೆ ಅಂತ ಯೋಚಿಸಿ, ಬೇರೆ ಬೇರೆ ದೇಶಗಳಲ್ಲಿದ್ದ ಮಿಷನರಿಗಳ ಕಾಗದಗಳಿಂದ ಮಾಹಿತಿ ಕೂಡಿಸಿದರು. 1890ರಲ್ಲಿ ಬರೆದರು: ಇದಕ್ಕೆ ಕಾರಣ ಬಿಸಿಲು ಇಲ್ಲದಿರುವುದು. ಯಾರೂ ಅಷ್ಟಾಗಿ ಕಿವಿಗೊಡಲಿಲ್ಲ. 1919ರಲ್ಲಿ ಬರ್ಲಿನ್ನಿನ ಕುರ್ಟ್ ಹುಲ್ಡ್‌ಶಿನ್ಸ್ಕಿ ಎಂಬ ವೈದ್ಯರು ಯುದ್ಧದಲ್ಲಿ ಸೊರಗಿದ ಮಕ್ಕಳನ್ನು ಯುವಿ ದೀಪದ ಕೆಳಗೆ ಕೂರಿಸಿ ರಿಕೆಟ್ಸ್ ಗುಣಪಡಿಸಿದರು. ಒಂದು ಕೈಗೆ ಮಾತ್ರ ಬೆಳಕು ಬಿಟ್ಟಾಗ ಇನ್ನೊಂದು ಕೈಯ ಮೂಳೆಯೂ ಗಟ್ಟಿಯಾಯಿತು! ಚರ್ಮದಲ್ಲಿ ಏನೋ ತಯಾರಾಗಿ ರಕ್ತದಲ್ಲಿ ಹರಿದು ಹೋಗುತ್ತಿದೆ ಅನ್ನುವ ಸುಳಿವು ಅದು. ಅದೇ ಕಾಲದಲ್ಲಿ ಇಂಗ್ಲೆಂಡಿನ ವೈದ್ಯ ಎಡ್ವರ್ಡ್ ಮೆಲನ್‌ಬಿ ಕಾಡ್ ಮೀನಿನ ಲಿವರ್ ಎಣ್ಣೆಯಿಂದ ನಾಯಿಮರಿಗಳ ರಿಕೆಟ್ಸ್ ವಾಸಿಮಾಡಿದ್ದರು. ಮುಂದೆ 1922ರಲ್ಲಿ ಅಮೆರಿಕದ ವಿಜ್ಞಾನಿ ಮೆಕಾಲಮ್ ಆ ಎಣ್ಣೆಯೊಳಗಿನ ಅಂಶವನ್ನು ಗುರುತಿಸಿದರು. ಎ, ಬಿ, ಸಿ ಆಗಲೇ ಆಗಿದ್ದವು, ಇದು ಡಿ ಆಯಿತು.

ಅದೇ 1922ರಲ್ಲಿ ನಮ್ಮ ಪಕ್ಕದ ನಾಸಿಕ್‌ನಿಂದಲೂ ಒಂದು ವರದಿ ಬಂತು. ಹಚಿಸನ್ ಮತ್ತು ಶಾ ಅನ್ನುವ ವೈದ್ಯರು ಬರೆದದ್ದು. ಹೆಣ್ಣುಮಕ್ಕಳನ್ನು ಮನೆಯೊಳಗೇ ಇಡುವ ಪರದೆ ಪದ್ಧತಿ ಪಾಲಿಸುವ ಅನುಕೂಲಸ್ಥ ಮನೆಗಳಲ್ಲಿ, ಒಳ್ಳೆಯ ಊಟ ಇದ್ದರೂ, ಹುಡುಗಿಯರಿಗೂ ಕೂಸುಗಳಿಗೂ ರಿಕೆಟ್ಸ್. ಹೊಲದಲ್ಲಿ ದುಡಿಯುವ ಬಡವರ ಮನೆಗಳಲ್ಲಿ, ಊಟಕ್ಕೆ ತೊಂದರೆ ಇದ್ದರೂ, ಇಲ್ಲ. ನೂರು ವರ್ಷದ ಹಿಂದೆಯೇ ಇದು ಇಷ್ಟು ಸ್ಪಷ್ಟವಾಗಿ ಗೊತ್ತಿತ್ತು ಅನ್ನುವುದನ್ನು ಓದಿದಾಗ ನನಗೆ ದುಃಖವಾಯಿತು. ಮೆತ್ತಗಾದ ಮೂಳೆಯಿಂದ ಹುಡುಗಿಯ ಸೊಂಟದ ಎಲುಬಿನ ಆಕಾರ ಕೆಡುತ್ತದೆ. ಅವಳು ಬೆಳೆದು ಹೆರಿಗೆಗೆ ಬಂದಾಗ ಕೂಸು ಹೊರಬರಲು ಜಾಗ ಸಾಲುವುದಿಲ್ಲ. ಸಿಸೇರಿಯನ್ ಸುಲಭವಾಗಿ ಸಿಗದ ಕಾಲದಲ್ಲಿ ಎಷ್ಟು ತಾಯಂದಿರು ಹೀಗೆ ಹೋಗಿರಬಹುದು!

ಹೆರಿಗೆ ಅಂದಾಗ ನಮ್ಮ ಬಾಣಂತನದ ಬಗ್ಗೆಯೂ ಹೇಳಬೇಕು. ಬಾಣಂತಿಯನ್ನು ಬೆಚ್ಚಗೆ ಇಡುವುದು, ಎಣ್ಣೆ ನೀರು, ಹೊಗೆ, ಮೂರು ತಿಂಗಳು ಅಡುಗೆ ಕೆಲಸದಿಂದ ಬಿಡುವು, ಇದೆಲ್ಲ ಅಕ್ಕರೆಯಿಂದ ಬಂದದ್ದು. ಹೆತ್ತವಳಿಗೆ ಇಷ್ಟು ಆರೈಕೆ ಮಾಡುವ ಪದ್ಧತಿಯನ್ನು ನಾನು ಗೌರವಿಸುತ್ತೇನೆ. ಆದರೆ ಕಿಟಕಿ ಮುಚ್ಚಿದ ಕೋಣೆ, ತಲೆಗೆ ಸ್ಕಾರ್ಫ್, ಕಿವಿಗೆ ಹತ್ತಿ, ಗಾಳಿ ಬಿಸಿಲು ಎರಡೂ ಇಲ್ಲ. ಬಸುರಿಯಾಗಿದ್ದಾಗಲೇ ತಾಯಿಗೆ ವಿಟಮಿನ್ ಡಿ ಕಡಿಮೆ ಇದ್ದರೆ ಕೂಸು ಹುಟ್ಟುವಾಗಲೇ ಕಡಿಮೆ ಇಟ್ಟುಕೊಂಡು ಬರುತ್ತದೆ. ತಾಯಿಹಾಲು ಎಲ್ಲ ರೀತಿಯಲ್ಲೂ ಶ್ರೇಷ್ಠ, ಈ ಒಂದು ವಿಟಮಿನ್ ಮಾತ್ರ ಅದರಲ್ಲಿ ಬಹಳ ಕಡಿಮೆ. ತೀರಾ ಕೊರತೆಯಾದ ಕೂಸಿಗೆ ರಕ್ತದಲ್ಲಿ ಕ್ಯಾಲ್ಸಿಯಂ ಇಳಿದು ಫಿಟ್ಸ್ ಬರಬಹುದು. ಅದಕ್ಕೇ ಮಕ್ಕಳ ಡಾಕ್ಟರು ಹುಟ್ಟಿದ ಕೂಸಿಗೆ ದಿನಕ್ಕೆ 400 ಯೂನಿಟ್‌ನ ಡ್ರಾಪ್ಸ್ ಬರೆದುಕೊಡುತ್ತಾರೆ, ಒಂದು ವರ್ಷ ತುಂಬುವವರೆಗೆ. ಎಷ್ಟೋ ಮನೆಗಳಲ್ಲಿ ಅದನ್ನು "ಟಾನಿಕ್, ಇದ್ರೂ ಆಯ್ತು ಬಿಟ್ರೂ ಆಯ್ತು" ಅಂತ ಮೂರನೇ ತಿಂಗಳಿಗೇ ನಿಲ್ಲಿಸುತ್ತಾರೆ. ದಯವಿಟ್ಟು ನಿಲ್ಲಿಸಬೇಡಿ. ಎಣ್ಣೆ ಹಚ್ಚಿ ಎಳೆಬಿಸಿಲಿಗೆ ಹಿಡಿಯುವುದು ಕೂಸಿಗೂ ಅಜ್ಜಿಗೂ ಖುಷಿಯ ಹೊತ್ತು, ಅದು ಇರಲಿ. ಡ್ರಾಪ್ಸ್ ಬದಲಿಗೆ ಅದು ಸಾಲದು. ಪುಟ್ಟ ಕೂಸನ್ನು ಮಧ್ಯಾಹ್ನದ ಬಿಸಿಲಿಗೆ ಹಿಡಿಯುವುದಂತೂ ಬೇಡವೇ ಬೇಡ. ಡ್ರಾಪ್ಸ್ ಹಾಕುವಾಗ ಬಾಟಲಿ ಮೇಲೆ ಒಂದು ಎಂ.ಎಲ್.ಗೆ ಎಷ್ಟು ಯೂನಿಟ್ ಅಂತ ಓದಿಕೊಳ್ಳಿ. ಕೆಲವದರಲ್ಲಿ 400, ಕೆಲವದರಲ್ಲಿ 800. ಬ್ರ್ಯಾಂಡ್ ಬದಲಾದರೆ ಅಳತೆಯೂ ಬದಲಾಗುತ್ತದೆ.

ಅಳತೆಯ ಮಾತು ಬಂತಲ್ಲ, ಅತಿಯಾದರೆ ಏನಾಗುತ್ತದೆ ಅಂತಲೂ ಹೇಳಲೇಬೇಕು. ನಮ್ಮಲ್ಲಿ ಸಾಮಾನ್ಯವಾಗಿ ಕೊಡುವುದು 60,000 ಯೂನಿಟ್‌ನ ಗುಳಿಗೆ ಅಥವಾ ಹಾಲಿಗೆ ಹಾಕುವ ಪೌಡರ್ ಸ್ಯಾಶೆ. 600 ಯೂನಿಟ್ ಲೆಕ್ಕದಲ್ಲಿ ಒಂದು ಗುಳಿಗೆ ಅಂದರೆ ನೂರು ದಿನದ್ದು. ವಾರಕ್ಕೊಂದು ಅಂತ ಹೇಳಿದ್ದನ್ನು ದಿನಕ್ಕೊಂದು ಅಂತ ತಿಳಿದು ನುಂಗುವವರಿದ್ದಾರೆ. ಎಂಟು ವಾರ ಅಂದದ್ದನ್ನು, ಆರಾಮ ಅನಿಸಿತು ಅಂತ, ಮೆಡಿಕಲ್ ಶಾಪ್‌ನಲ್ಲಿ ಹಳೇ ಚೀಟಿ ತೋರಿಸಿ ವರ್ಷಗಟ್ಟಲೆ ಮುಂದುವರಿಸುವವರೂ ಇದ್ದಾರೆ. ಈ ವಿಟಮಿನ್ ನೀರಿನಲ್ಲಿ ಕರಗಿ ಮೂತ್ರದಲ್ಲಿ ಹೋಗುವಂಥದ್ದಲ್ಲ, ಕೊಬ್ಬಿನಲ್ಲಿ ಕೂಡಿಕೊಳ್ಳುತ್ತದೆ. ಜಾಸ್ತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದೆ. ವಾಂತಿ, ಮಲಬದ್ಧತೆ, ತಡೆಯಲಾಗದ ಬಾಯಾರಿಕೆ, ಮಂಕು, ಕೊನೆಗೆ ಕಿಡ್ನಿಗೇ ಪೆಟ್ಟು. ಆರು ಲಕ್ಷ ಯೂನಿಟ್‌ನ ಇಂಜೆಕ್ಷನ್ ಒಂದರ ಮೇಲೊಂದು ಹಾಕಿಸಿಕೊಳ್ಳುವುದು ಇನ್ನೂ ಅಪಾಯ. ಆಸ್ಟ್ರೇಲಿಯಾದಲ್ಲಿ 70 ದಾಟಿದ 2,256 ಮಹಿಳೆಯರ ಮೇಲೆ ಒಂದು ಪ್ರಯೋಗ ನಡೆದಿತ್ತು. ಒಂದು ಗುಂಪಿಗೆ ವರ್ಷಕ್ಕೊಮ್ಮೆ ಐದು ಲಕ್ಷ ಯೂನಿಟ್ ಒಟ್ಟಿಗೇ ಕೊಟ್ಟರು. 2010ರಲ್ಲಿ ಫಲಿತಾಂಶ ಬಂದಾಗ ನೋಡಿದರೆ, ಆ ಗುಂಪಿನವರೇ ಹೆಚ್ಚು ಸಲ ಬಿದ್ದಿದ್ದರು, ಅವರಿಗೇ ಹೆಚ್ಚು ಮೂಳೆ ಮುರಿದಿತ್ತು. ಸಣ್ಣ ಪ್ರಮಾಣ, ದಿನವೂ ಅಥವಾ ವಾರಕ್ಕೊಮ್ಮೆ, ಡಾಕ್ಟರು ಹೇಳಿದಷ್ಟು ದಿನ. ಇದೇ ಸುರಕ್ಷಿತ.

ಕ್ಯಾನ್ಸರ್ ತಡೆಯುತ್ತದೆ, ಹಾರ್ಟ್ ಅಟ್ಯಾಕ್ ತಡೆಯುತ್ತದೆ ಅಂತ ವಾಟ್ಸಾಪಿನಲ್ಲಿ ಬರುವುದನ್ನೂ ನಂಬಬೇಡಿ. ಅಮೆರಿಕದಲ್ಲಿ 25,871 ಜನರ ಮೇಲೆ ಐದು ವರ್ಷಕ್ಕೂ ಹೆಚ್ಚು ಕಾಲ ನಡೆದ 'ವೈಟಲ್' ಪ್ರಯೋಗದಲ್ಲಿ ದಿನಕ್ಕೆ 2,000 ಯೂನಿಟ್ ಕೊಟ್ಟರು. ಹೊಸದಾಗಿ ಕ್ಯಾನ್ಸರ್ ಬರುವುದೂ ತಪ್ಪಲಿಲ್ಲ, ಹೃದಯದ ತೊಂದರೆಯೂ ಕಡಿಮೆಯಾಗಲಿಲ್ಲ. ಮೂಳೆ ಮುರಿತವೂ ಇಳಿಯಲಿಲ್ಲ. ಅವರಲ್ಲಿ ಹೆಚ್ಚಿನವರಿಗೆ ಕೊರತೆಯೇ ಇರಲಿಲ್ಲ. ಇದ್ದವರಿಗೆ ಇನ್ನಷ್ಟು ಕೊಟ್ಟರೆ ಪ್ರಯೋಜನವಿಲ್ಲ, ಇಲ್ಲದವರಿಗೆ ಕೊಟ್ಟರೆ ಬದುಕೇ ಬದಲಾಗುತ್ತದೆ. ಆರೋಗ್ಯವಾಗಿರುವ ದೊಡ್ಡವರೆಲ್ಲ ಸುಮ್ನೆ ಟೆಸ್ಟ್ ಮಾಡಿಸಬೇಕಿಲ್ಲ ಅಂತ ಅಮೆರಿಕದ ಹಾರ್ಮೋನ್ ತಜ್ಞರ ಸಂಘ ಎಂಡೋಕ್ರೈನ್ ಸೊಸೈಟಿ 2024ರಲ್ಲಿ ಹೇಳಿತು. ಮಕ್ಕಳು, ಬಸುರಿಯರು, 75 ದಾಟಿದವರು ಟೆಸ್ಟ್ ಇಲ್ಲದೆಯೇ ಸಣ್ಣ ಡೋಸ್ ತೆಗೆದುಕೊಳ್ಳಬಹುದು ಅಂತಲೂ ಹೇಳಿತು. ಹೆಲ್ತ್ ಚೆಕಪ್ ಪ್ಯಾಕೇಜ್‌ಗೆ ದುಡ್ಡು ಸುರಿಯುವ ಮೊದಲು ಇದು ನೆನಪಿರಲಿ. ಏಳಲು ಕೂರಲು ಕಷ್ಟವಾಗುವ, ಮೂಳೆ ನೋಯುವ ಹಿರಿಯರು ಮನೆಯಲ್ಲಿದ್ದರೆ ಮಾತ್ರ ತಡ ಮಾಡಬೇಡಿ.

ಇಂಗ್ಲೆಂಡ್, ಸ್ಕಾಟ್ಲೆಂಡ್ ಕಡೆ ನೆಲೆಸಿರುವ ನಮ್ಮವರಿಗೂ ಒಂದು ಮಾತು. 1960ರ ದಶಕದಲ್ಲೇ ಗ್ಲಾಸ್ಗೋದ ವೈದ್ಯರು ಅಲ್ಲಿಗೆ ಬಂದ ದಕ್ಷಿಣ ಏಷ್ಯಾದ ಕುಟುಂಬಗಳಲ್ಲಿ ರಿಕೆಟ್ಸ್ ಕಂಡು ವರದಿ ಮಾಡಿದ್ದರು. ಅಲ್ಲಿ ಅಕ್ಟೋಬರ್‌ನಿಂದ ಮಾರ್ಚ್ ಶುರುವಿನ ತನಕ ಬಿಸಿಲಿದ್ದರೂ ವಿಟಮಿನ್ ಡಿ ತಯಾರಾಗುವುದಿಲ್ಲ. ದಿನಕ್ಕೆ 400 ಯೂನಿಟ್ ತೆಗೆದುಕೊಳ್ಳಿ ಅಂತ ಅಲ್ಲಿನ ಸರ್ಕಾರವೇ ಹೇಳುತ್ತದೆ. ನಮ್ಮಂಥ ಮೈಬಣ್ಣದವರು ವರ್ಷಪೂರ್ತಿ ತೆಗೆದುಕೊಳ್ಳುವ ಬಗ್ಗೆ ಯೋಚಿಸಬೇಕು ಅನ್ನುತ್ತದೆ.

ಬೆಂಗಳೂರಿಗೆ ವಾಪಸ್ ಬರೋಣ. ಪೀಣ್ಯ, ಮೈಸೂರು ರಸ್ತೆ, ಬೊಮ್ಮನಹಳ್ಳಿ ಕಡೆ ಬೆಳಗ್ಗೆ ಎಂಟೂವರೆಗೆ ನಿಂತರೆ ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳ ಸಾಲು ಕಾಣುತ್ತದೆ. ರಾಮನಗರ, ಮದ್ದೂರು ಕಡೆಯಿಂದ ಬಸ್ಸು, ಟ್ರೈನು ಹಿಡಿದು ಬರುವವರೂ ಇದ್ದಾರೆ. ಅವರ ನೆರಳು ಉದ್ದ ಇರುವಾಗ ಒಳಗೆ ಹೋಗುತ್ತಾರೆ, ಮತ್ತೆ ಉದ್ದವಾದ ಮೇಲೆ ಹೊರಗೆ ಬರುತ್ತಾರೆ. ನಡುವೆ ಇರುವುದು ಊಟದ ಬಿಡುವು ಮಾತ್ರ. ಅದರಲ್ಲಿ ಕೈ ತೊಳೆಯುವ ಸಾಲು, ಶೀಟಿನ ಕೆಳಗೆ ಊಟ, ಮತ್ತೆ ಮೆಷಿನ್. "ಬಿಸಿಲಿಗೆ ಹೋಗಿ" ಅಂತ ಅವರಿಗೆ ಹೇಳಲು ನನಗೆ ಬಾಯಿ ಬರುವುದಿಲ್ಲ. ಅವರ ಮಧ್ಯಾಹ್ನ ಅವರ ಕೈಯಲ್ಲಿಲ್ಲ. ಊಟದ ಬಿಡುವು ಇಪ್ಪತ್ತು ನಿಮಿಷ ಜಾಸ್ತಿ ಆಗಬೇಕು, ಸಂಬಳ ಕತ್ತರಿಸದೆ. ಕಾರ್ಖಾನೆಯ ಬಯಲು ಜಾಗದಲ್ಲಿ, ಶೀಟಿನ ಆಚೆ, ಕೂರಲು ನಾಲ್ಕು ಬೆಂಚು ಹಾಕಬೇಕು. ಸೊಂಟ ನೋವು, ಕಾಲು ನೋವು ಅಂತ ಇಎಸ್‌ಐ ಆಸ್ಪತ್ರೆಗೆ ಹೋದವಳಿಗೆ ಬರೀ ನೋವಿನ ಮಾತ್ರೆ ಕೊಟ್ಟು ಕಳಿಸುವ ಮೊದಲು, "ಹಗಲಲ್ಲಿ ಎಲ್ಲಿ ಕೂತ್ಕೋತೀರಮ್ಮ?" ಅಂತ ಒಂದು ಪ್ರಶ್ನೆ ಕೇಳಬೇಕು. ಎಂಟು ವಾರದ ಗುಳಿಗೆಗೆ ಆಗುವ ಖರ್ಚು, ಅವಳು ನೋವಿಗೆ ಹಾಕುವ ರಜೆಯಿಂದ ಆಗುವ ನಷ್ಟಕ್ಕಿಂತ ಕಡಿಮೆ.